ಒಂದೆಳೆ ತಾನೇ

ಮಗ್ಗಗಳಿಗೆ ಕಂಪ್ಯೂಟರ್ ಭಾಷೆ ಕೊಟ್ಟವನು ನಾನು. ಸೀರೆಯ ಹೂವು ಯಾವ ಎಳೆಯಲ್ಲಿ ಅರಳಬೇಕೆಂದು ನೇಕಾರರು ಅದರಲ್ಲೇ ಬರೆಯುತ್ತಾರೆ. ನನ್ನ ಭಾಷೆ ಕಿವಿಗೆ ಬಿದ್ದರೆ ಮಗ್ಗವೇನು, ಅದರಡಿ ಮಲಗಿದ ಬೆಕ್ಕೂ ಎದ್ದು ನೇಯಲು ಕೂರುತ್ತದೆ. ಅಂಥ ಭಾಷೆಯ ಹೊಸ ಆವೃತ್ತಿಯಲ್ಲಿ ಎಳೆಗಳ ಎಣಿಕೆಯನ್ನು ಒಂದರ ಬದಲು ಸೊನ್ನೆಯಿಂದ ಶುರುಮಾಡಿದೆ. ಮೂರು ಲೋಕದ ಕಂಪ್ಯೂಟರ್ ಪಂಡಿತರೂ ಹಾಗೇ ಎಣಿಸುತ್ತಾರೆ.

ಮರುದಿನವೇ ನೇಕಾರರ ಸಂಘದ ಗುರವ್ವ ಫೋನ್ ಮಾಡಿದರು.

“ಸರ, ಸೀರಿ ಹೂವೆಲ್ಲಾ ಒಂದೊಂದು ಎಳಿ ಸರದಾವ್ರಿ. ಬರದ ಡಿಸೈನ್ ಎಂದೂ ಕೆಡಂಗಿಲ್ಲ ಅಂತ ನೀವ ಆಣಿ ಮಾಡಿದ್ರಿ.”

“ಒಂದೆಳೆ ತಾನೇ? ತಿದ್ದಿಕೊಳ್ಳಿ.”

“ಮುನ್ನೂರು ಡಿಸೈನ್ ಅದಾವ್ರಿ. ಇನ್ನೊಮ್ಮೆ ಮಾಲು ಕೆಟ್ರ ನಿಮ್ಮ ಸೀರಿನ ಬ್ಯಾಡ ಅಂದಾನ ಸಾವ್ಕಾರ.”

ಆ ಮಾತು ನನ್ನನ್ನು ಬಿಡಲಿಲ್ಲ. ಎಂಟು ದಿನ ಅನ್ನ ಮುಟ್ಟಲಿಲ್ಲ. ಬರೀ ಚಪಾತಿ, ನಡುವೆ ನಾಲ್ಕು ಹೋಳಿಗೆ. ಒಂಬತ್ತನೆಯ ದಿನ ಬೆಳಗ್ಗೆ ಹಠ ಬಿಟ್ಟು, ಯಾರಿಗೂ ಹೇಳದೆ, ಎಣಿಕೆಯನ್ನು ಮತ್ತೆ ಒಂದಕ್ಕೆ ತಂದು ಎಲ್ಲ ಮಗ್ಗಗಳಿಗೂ ಕಳಿಸಿದೆ. ಇಂಥ ದೊಡ್ಡ ಮನಸ್ಸು ಭೂಮಿಯ ಮೇಲೆ ಇನ್ನೊಂದಿರಲಾರದು ಎನ್ನಿಸಿ, ಸಂಜೆ ನಾನೇ ಗುರವ್ವನಿಗೆ ಫೋನ್ ಮಾಡಿದೆ.

“ಕೊಟ್ಟ ಮಾತು ಉಳಿಸಿಕೊಂಡೆ, ಗುರವ್ವ! ಬೆಳಗ್ಗೆಯಿಂದ ಎಣಿಕೆ ಮತ್ತೆ ಒಂದರಿಂದಲೇ. ನಿಮ್ಮ ಮುನ್ನೂರೂ ಇನ್ನು ಮೊದಲಿನಂತೆ ಸರಿ.”

ಗುರವ್ವ ಅಲ್ಲಿದ್ದವರಿಗೆ ಏನೋ ಕೂಗಿ ಹೇಳಿದರು. ಆ ಕಡೆ ಬಡಿಯುತ್ತಿದ್ದ ಮಗ್ಗಗಳು ಒಂದೊಂದಾಗಿ ನಿಂತವು.

“ಸರ, ಎಂಟು ದಿನ ಮಂದಿಯೆಲ್ಲಾ ಕುಂತು ಮುನ್ನೂರನ್ನೂ ನಿಮ್ಮ ಸೊನ್ನಿಗೆ ತಿದ್ದಿ, ಇವತ್ತ ಮುಂಜಾನಿನ ನೇಯಾಕ ಹಚ್ಚೀವ್ರಿ.”