ದಂಟಿಲ್ಲದ ಜೋಳ

ನಮ್ಮ ಮನೆಯಲ್ಲಿ ಈಗ ಮೊದಲ ಪಂಕ್ತಿ ಎಮ್ಮೆಯದು. ಜೋಳದ ದಂಟು ಬರೀ ದಂಡವೆಂದು ಬೀಜ ಕಂಪನಿಯ ಹುದ್ದಾರ ಸಾಹೇಬರು ಅದನ್ನು ತೆಗೆದುಹಾಕಿದಾಗಿನಿಂದ ಇದೇ ಪದ್ಧತಿ. ತೆನೆ ಅಣಬೆಯ ಹಾಗೆ ನೆಲದಿಂದಲೇ ಏಳುತ್ತದೆ; ಗುಬ್ಬಿಗಳು ನಡೆದುಕೊಂಡು ಬಂದು ತಿನ್ನುತ್ತವೆ. ದನಕ್ಕೆ ಕಣಿಕೆಯಿಲ್ಲ, ಒಲೆಗೆ ಕೂಳೆಯಿಲ್ಲ, ಗುಡಿಸಲಿಗೆ ಹೊದಿಕೆಯಿಲ್ಲ. ಪ್ರಗತಿ ಮಾತ್ರ ಬೇಕಾದಷ್ಟಿದೆ. ಎಮ್ಮೆ ಅದನ್ನು ಮೇಯುವುದಿಲ್ಲವಾದ್ದರಿಂದ ನನ್ನ ಹೆಂಡತಿ ದುಂಡವ್ವ ಬೆಳಗಿನಿಂದ ಅದಕ್ಕೆ ರೊಟ್ಟಿ ಬಡಿಯುತ್ತಾಳೆ. ಇತ್ತೀಚೆಗೆ ಶೇಂಗಾ ಚಟ್ನಿ ಇಲ್ಲದಿದ್ದರೆ ಅದು ಮೂಸಿಯೂ ನೋಡುವುದಿಲ್ಲ.

ಇವತ್ತು ಸಾಹೇಬರು ಹೊಸ ಬೀಜದ ಪೊಟ್ಟಣ ಹಿಡಿದು ಬಂದರು.

"ಇದರಾಗ ಬರೇ ದಂಟು ಬರ್ತದ, ತೆನಿ ಕಾಟನ ಇಲ್ಲ. ಅರ್ಧ ಹೊಲಕ್ಕ ಅದು, ಅರ್ಧಕ್ಕ ಇದು."

"ಎರಡೂ ಒಂದ ಗಿಡದಾಗ ಬರೂ ಬೀಜ ಇಲ್ಲೇನ್ರೀ?" ಎಂದು ಕೇಳಿದೆ.

ಸಾಹೇಬರು ನಕ್ಕರು. "ವಿಜ್ಞಾನ ಇನ್ನೂ ಅಷ್ಟು ಮುಂದ ಹೋಗಿಲ್ಲ ಬಿಡ್ರಿ."

ಆಮೇಲೆ ಒಲೆಯ ಕಡೆ ಮೂಗು ಅರಳಿಸಿದರು. "ಬಿಸಿ ರೊಟ್ಟಿ ವಾಸನಿ ಭಾರಿ ಐತಿ. ನನಗೂ ಒಂದು ಸಿಗ್ತದೇನವಾ?"

ದುಂಡವ್ವ ತಲೆಯೆತ್ತಲಿಲ್ಲ.

"ಸರತಿ ಐತ್ರಿ. ಮದಲ ಎಮ್ಮಿ, ಆಮ್ಯಾಲ ಅದರ ಕರ, ಆಮ್ಯಾಲ ನಮ್ಮ ಮನಿಯವ್ರು. ಏನಾರ ದಂಡ ಆಗಿ ಉಳದ್ರ, ನೀವು."