ಕೇಳುವ ತಂತಿ

"ಅಣ್ಣನೇ, ಅತ್ತಿಗೆ! ಅಣ್ಣನದೇ ದನಿ!" ಎಂದು ತಮ್ಮ ಕುಳಿತಲ್ಲಿಂದಲೇ ಕೂಗಿದ. ಬಿರುಗಾಳಿಗೆ ಸಿಕ್ಕಿ ಅಣ್ಣನ ಮೀನಿನ ಬೋಟು ಕಾಣೆಯಾಗಿ ಮೂರು ದಿನವಾಗಿತ್ತು. ದಿನಾ ಸಂಜೆ ಆರಕ್ಕೆ ಬೋಟಿನಲ್ಲಿದ್ದ ಅಣ್ಣನ ಜೊತೆ ತಮ್ಮ ಹರಟುತ್ತಿದ್ದ ಹವ್ಯಾಸಿ ರೇಡಿಯೊದಲ್ಲಿ ಇವತ್ತು ದನಿಯೇನೋ ಬಂದಿತ್ತು. ಗರಗರ ಸದ್ದಿನಲ್ಲಿ ಮಾತು ಮಾತ್ರ ಒಂದೂ ತಿಳಿಯುತ್ತಿರಲಿಲ್ಲ.

"ಏನಂತಾರೆ? ಎಲ್ಲಿದಾರಂತೆ?" ಅತ್ತಿಗೆ ಅವನ ತೋಳು ಹಿಡಿದು ಅಲುಗಾಡಿಸಿದಳು.

"ತಾಳಿ. ನೆಲದ ಹತ್ತಿರ ಉದ್ದಕ್ಕೆ ತಂತಿ ಎಳೆದ್ರೆ ಈ ಗಲಾಟೆ ಅಡಗುತ್ತೆ."

ಕೈಗೆ ಸಿಗುವ ತಂತಿಯೆಂದರೆ ತಾರಸಿಯ ಆಂಟೆನಾ ಒಂದೇ. ರೇಡಿಯೊ ಹುಚ್ಚಿನವರಿಗೆ ದನಿ ಸ್ಪಷ್ಟವಾಗಿ ಕೇಳಿಸಿಬಿಟ್ಟರೆ ಗೆದ್ದೆವೆಂದೇ ಲೆಕ್ಕ. ಹಿಂದುಮುಂದು ನೋಡದೆ ಕಂಬ ಉರುಳಿಸಿ, ತಂತಿ ಕತ್ತರಿಸಿ, ತುಂಡುಗಳನ್ನು ಹೊಸೆದ. ಪಕ್ಕದ ಖಾಲಿ ಜಾಗದಲ್ಲಿ ಸಮುದ್ರದ ದಿಕ್ಕಿಗೆ ಮೊಣಕಾಲೆತ್ತರದಲ್ಲಿ ಎಳೆದ. ಆಸರೆಗೆ ಪೊರಕೆ ಕೋಲು, ಮುರಿದ ಕುರ್ಚಿ, ಬೋರಲು ಹಾಕಿದ ಬಕೆಟ್ಟು. ಅತ್ತಿಗೆ ಒಂದೊಂದನ್ನೇ ಹೊತ್ತುಕೊಂಡು ಮುಂದೆ ಮುಂದೆ ಓಡಿದಳು.

ಗರಗರ ಅಡಗಿತು. ಅಣ್ಣ ಪಕ್ಕದ ಕೋಣೆಯಲ್ಲಿ ಕೂತು ಮಾತಾಡಿದ ಹಾಗಿತ್ತು: "...ದೀಪಸ್ತಂಭದ ಉತ್ತರಕ್ಕೆ, ಬಂಡೆಗಳ ಹತ್ತಿರ ಇದೀನಿ. ಎಂಜಿನ್ ಕೆಟ್ಟಿದೆ, ದಡ ಕಾಣ್ತಿದೆ. ಯಾರಾದ್ರೂ ಇದ್ರೆ ಮಾತಾಡಿ. ಎರಡು ನಿಮಿಷ ನೋಡ್ತೀನಿ, ಆಮೇಲೆ ಖಾಲಿ ಡಬ್ಬ ಕಟ್ಕೊಂಡು ಈಜಿಬಿಡ್ತೀನಿ."

ತಮ್ಮ ಬಂದರಿಗೆ ಫೋನ್ ಮಾಡಿದ. "ಈಗಲೇ ಹೊರಟ್ವಿ, ಅರ್ಧ ಗಂಟೆ ಸಾಕು," ಎಂದರು ಅಲ್ಲಿಯವರು. "ಆದ್ರೆ ಬೋಟ್ ಬಿಟ್ಟು ಇಳೀಬೇಡ ಅಂತ ಹೇಳಿ. ಆ ಸೆಳೆತಕ್ಕೆ ಇಳಿದೋರು ಯಾರೂ ದಡ ಸೇರಿಲ್ಲ."

ಮೈಕ್ ಎತ್ತಿಕೊಂಡವನಿಗೆ ಆಗ ನೆನಪಾಯಿತು. ನೆಲದ ಹತ್ತಿರದ ತಂತಿ ಕೇಳುತ್ತದೆ, ಮಾತಾಡುವುದಿಲ್ಲ. ಎಷ್ಟು ಕೂಗಿದರೂ ಎಲ್ಲವೂ ಅಡಿಯ ಮಣ್ಣಿನ ಪಾಲು. ಮಾತಾಡುವ ಆಂಟೆನಾವನ್ನು ಅವನೇ ಕೈಯಾರೆ ತುಂಡು ಮಾಡಿದ್ದ. ಕತ್ತರಿಸುವ ಮುಂಚೆ 'ಇದೀನಿ ಅಣ್ಣ' ಅಂತ ಒಂದು ಮಾತು ಹೇಳಬೇಕೆಂದೂ ಹೊಳೆದಿರಲಿಲ್ಲ. ಆದರೂ ಗುಂಡಿ ಒತ್ತಿ ಕೂಗಿದ, ಮತ್ತೆ ಕೂಗಿದ.

"ಯಾರೂ ಇಲ್ವಾ?" ಎಂದ ಅಣ್ಣ.

"ಕೊಡಿಲ್ಲಿ," ಎಂದು ಅತ್ತಿಗೆ ಮೈಕ್ ಕಿತ್ತುಕೊಂಡು, ಅವನು ಮಾಡಿದ ಹಾಗೆಯೇ ಗುಂಡಿ ಒತ್ತಿದಳು. "ರೀ, ಬೋಟ್ ಕಳಿಸಿದಾರೆ. ಅಲ್ಲೇ ಇರಿ. ನೀರಿಗೆ ಇಳೀಬೇಡಿ. ನಾನು ಹೇಳ್ತಿದೀನಿ, ಇಳೀಬೇಡಿ." ಒಂದು ನಿಮಿಷ ಬಿಡದೆ ಹೇಳಿ ಗುಂಡಿ ಬಿಟ್ಟಳು.

ರೇಡಿಯೊದಲ್ಲಿ ಸೊಯ್ ಅನ್ನುವ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಅತ್ತಿಗೆ ಕಣ್ಣೊರೆಸಿಕೊಂಡು ಮೂರು ದಿನಗಳಲ್ಲಿ ಮೊದಲ ಸಲ ನಕ್ಕಳು. "ನೋಡಿದ್ಯಾ? ನಾನು ಹೇಳಿದ ತಕ್ಷಣ ಸುಮ್ಮನಾದ್ರು."