ಓಟು ಹಾಕದ ಒಪ್ಪಂದ

ಸಿರಿಲ್ ಓಟು ಹಾಕಿದ್ದ. ಅದು ಥೆಲ್ಮಾಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಮತದಾನದ ಮರುದಿನ, ಶುಕ್ರವಾರ ಮಧ್ಯಾಹ್ನ, ಬ್ಯಾಡ್ಮಿಂಟನ್ ಹಾಲ್‌ನಲ್ಲಿ ನಗರಸಭೆಯ ಎಣಿಕೆ ನಡೆಯುತ್ತಿತ್ತು. ಉದ್ದನೆಯ ಮೇಜಿನ ಒಳಬದಿಯಲ್ಲಿ ಎಣಿಸುವವರು, ಹೊರಬದಿಯಲ್ಲಿ ಅಭ್ಯರ್ಥಿಗಳ ಕಡೆಯವರು. ಈ ತುದಿಯಲ್ಲಿ ಎದೆಗೆ ತನ್ನ ಪಕ್ಷದ ಕೆಂಪು ರಿಬ್ಬನ್ ಹೂ ಸಿಕ್ಕಿಸಿಕೊಂಡ ಥೆಲ್ಮಾ. ಆ ತುದಿಯಲ್ಲಿ ನೀಲಿ ಹೂವಿನ ಸಿರಿಲ್. ಇಬ್ಬರಿಗೂ ಮದುವೆಯಾಗಿ ನಲವತ್ತೊಂದು ವರ್ಷ.

ಮದುವೆಯಾದ ವರ್ಷವೇ ಚುನಾವಣೆ ಬಂದು ಅಡುಗೆಮನೆಯಲ್ಲಿ ಎರಡು ತಟ್ಟೆ ಒಡೆದಿದ್ದವು. ಆಗ ಸಿರಿಲ್‌ನೇ ದಾರಿ ಹುಡುಕಿದ. ನಿನ್ನ ಓಟನ್ನು ನನ್ನ ಓಟು ಹೊಡೆದುಹಾಕುತ್ತದೆ, ಇಬ್ಬರೂ ಹಾಕದಿದ್ದರಾಯಿತು. ಅವರವರ ಪಕ್ಷಕ್ಕೆ ಬಾಗಿಲು ಬಾಗಿಲು ತಟ್ಟಲಿ, ಕರಪತ್ರ ಹಂಚಲಿ, ಓಟು ಮಾತ್ರ ಬೇಡ. ಅಂದಿನಿಂದ ಪ್ರತಿ ಮತದಾನದ ದಿನ ಸಂಜೆ ನಾಲ್ಕಕ್ಕೆ ಇಬ್ಬರೂ ನರ್ಸರಿಯ ಟೀ ಅಂಗಡಿಗೆ ಹೋಗಿ, ಜೆರೇನಿಯಂ ಕುಂಡಗಳ ನಡುವೆ ಕುಳಿತು ಸ್ಕೋನ್ ಬನ್ನು ತಿನ್ನುತ್ತಿದ್ದರು. ಊರಿಗೆಲ್ಲ ಗೊತ್ತಿದ್ದ ತಮಾಷೆ ಅದು.

ಈ ಸಲ ತಮಾಷೆಯಾಗಿರಲಿಲ್ಲ. ನಗರಸಭೆಯಲ್ಲಿ ಎರಡೂ ಕಡೆ ಸಮಸಮ. ಬಹುಮತ ಈ ವಾರ್ಡಿನ ಮೇಲೆ ನಿಂತಿತ್ತು. ಸಿರಿಲ್‌ನ ಪಕ್ಷದ ಡಡ್ಲಿ ಪೀಕ್ ಗೆದ್ದರೆ ಹಳೆಯ ಈಜುಕೊಳ ಮುಚ್ಚಿ ಕಾರು ನಿಲ್ಲಿಸುವ ಜಾಗವಾಗುತ್ತದೆ. ಥೆಲ್ಮಾಳ ಸೊಂಟ ನೋವು ಮರೆಯುತ್ತಿದ್ದುದು ಆ ನೀರಿನಲ್ಲಿ ಮಾತ್ರ. ಕೊಳ ಉಳಿಸುತ್ತೇನೆಂದು ನಿಂತವಳು ಗ್ಲೆನಿಸ್, ಶಾಲೆಯ ದಿನಗಳಿಂದಲೂ ಅವಳ ಗೆಳತಿ. ಹೋದ ವಾರ ಗ್ಲೆನಿಸ್ ಕೈ ಹಿಡಿದು ಬೇಡಿಕೊಂಡಿದ್ದಳು, ಇದೊಂದು ಸಲ ಒಪ್ಪಂದ ಮುರಿ ಎಂದು. "ಮಾತು ಕೊಟ್ಟಿದೀನಿ ಕಣೇ," ಎಂದಿದ್ದಳು ಥೆಲ್ಮಾ.

ಮೊದಲ ಎಣಿಕೆಯಲ್ಲಿ ಡಡ್ಲಿ ಒಂದು ಓಟು ಮುಂದಿದ್ದ. ಮರು ಎಣಿಕೆಯಲ್ಲೂ ಒಂದೇ. ಮೂರನೆಯ ಸಲ ಎಣಿಸುವಾಗ ಹಾಲ್‌ನಲ್ಲಿ ಯಾರೂ ಕೆಮ್ಮಲಿಲ್ಲ. ಥೆಲ್ಮಾ ಮತಪತ್ರಗಳನ್ನು ನೋಡಲಿಲ್ಲ. ಗಂಡನ ಮುಖ ನೋಡುತ್ತಿದ್ದಳು. ಅವನು ಕಣ್ಣೆತ್ತಲಿಲ್ಲ.

ಚುನಾವಣಾಧಿಕಾರಿ ಮೈಕಿನ ಮುಂದೆ ನಿಂತು ಓದಿದ. ಗ್ಲೆನಿಸ್‌ಗೆ ಸಾವಿರದ ಮುನ್ನೂರ ಹದಿನೇಳು. ಡಡ್ಲಿಗೆ ಸಾವಿರದ ಮುನ್ನೂರ ಹದಿನೆಂಟು.

ನೀಲಿಯವರು ಕೇಕೆ ಹಾಕಿದರು. ಗ್ಲೆನಿಸ್ ನೆಟ್ಟಗೆ ಥೆಲ್ಮಾಳ ಬಳಿ ಬಂದಳು.

"ಒಂದೇ ಒಂದು ಓಟು ಕೇಳಿದ್ದೆ. ನೀನು ಗಂಡನ ಜೊತೆ ಸ್ಕೋನ್ ತಿನ್ನೋಕೆ ಹೋದೆ. ರುಚಿಯಾಗಿತ್ತೇನೇ?"

"ನನ್ನಿಂದ ನೀನು ಸೋತಿಲ್ಲ, ಗ್ಲೆನಿಸ್."

"ಮತ್ಯಾರಿಂದ?"

ಥೆಲ್ಮಾ ಎದೆಯ ಕೆಂಪು ಹೂ ಬಿಚ್ಚತೊಡಗಿದಳು. ಗ್ಲೆನಿಸ್ ಬೆನ್ನು ತಿರುಗಿಸಿ ಹೊರಟುಹೋದಳು.

ಕಾರಿನಲ್ಲಿ ಸಿರಿಲ್ ಸೀಟ್‌ಬೆಲ್ಟ್ ಎಳೆದುಕೊಂಡ. ಥೆಲ್ಮಾ ಎಳೆದುಕೊಳ್ಳಲಿಲ್ಲ.

"ನೀನು ಓಟು ಹಾಕಿದೀಯ."

"ಏನ್ ಮಾತಾಡ್ತಿದೀಯ? ನಿನ್ನೆ ಬೆಳಿಗ್ಗೆ ನಾಯಿ ಸುತ್ತಾಡಿಸೋಕೆ ಹೋಗಿದ್ದೆ, ಅಷ್ಟೆ. ನೀನು ಮೀನು ತರೋಕೆ ಹೋಗಲಿಲ್ವಾ, ಹಾಗೆ."

"ಹಾಗಾದ್ರೆ ನಾಯಿ ಹಾಕ್ತಾ?"

ಅವನು ನಗಲು ನೋಡಿದ. ಆಗಲಿಲ್ಲ. ಸ್ಟಿಯರಿಂಗ್ ಮೇಲಿನ ಕೈಗಳು ಸಡಿಲವಾದವು.

"ಡಡ್ಲಿ ಸೋತೇಹೋಗ್ತಾನೆ ಅಂದ್ಕೊಂಡೆ. ಪಾಪ ಅನ್ನಿಸ್ತು. ಒಂದೇ ಸಲ, ಥೆಲ್ಮಾ. ಇಷ್ಟು ವರ್ಷದಲ್ಲಿ ಇದೊಂದೇ ಸಲ."

"ಆ ಒಂದು ಬೀಳದೇ ಇದ್ದಿದ್ರೆ ಇಬ್ಬರೂ ಸಮ ಆಗ್ತಿದ್ರು. ಚೀಟಿ ಎತ್ತಿಸ್ತಿದ್ರು. ಕೊಳಕ್ಕೆ ಅದೊಂದು ದಾರಿಯಾದ್ರೂ ಇರ್ತಿತ್ತು."

"ಗೊತ್ತು."

"ನಿನ್ನೆ ಸಂಜೆ ನನ್ನೆದುರು ಕೂತು ನನ್ನ ಸ್ಕೋನ್‌ಗೆ ಜಾಮ್ ಹಚ್ಚಿಕೊಟ್ಟೆ. 'ಈ ಸಲಾನೂ ಗೆದ್ದಿದ್ದು ನಾವಿಬ್ಬರೇ' ಅಂತ ಕಪ್ ಎತ್ತಿದೆ. ಅಷ್ಟು ಸಲೀಸಾಗಿ ಸುಳ್ಳು ಹೇಳೋನು ಇನ್ನೇನೇನು ಮುಚ್ಚಿಟ್ಟಿದೀಯೋ! ನಾನು ಯಾರ ಜೊತೆ ಬಾಳ್ವೆ ಮಾಡ್ದೆ ಅಂತ ಈಗ ಯೋಚ್ನೆ ಮಾಡ್ಬೇಕು, ಅರವತ್ತೆಂಟನೇ ವಯಸ್ಸಲ್ಲಿ."

ಸಿರಿಲ್‌ನ ಕಣ್ಣು ತುಂಬಿತು. "ತಪ್ಪಾಯ್ತು," ಎಂದ. "ಗ್ಲೆನಿಸ್‌ಗೂ ನಾನೇ ಹೋಗಿ ಹೇಳ್ತೀನಿ. ನಿನ್ನದೇನೂ ತಪ್ಪಿಲ್ಲ ಅಂತ."

"ಅದೇನೂ ಬೇಡ," ಎಂದಳು ಥೆಲ್ಮಾ ತಟ್ಟನೆ.

ಅವನು ಕೀಲಿ ತಿರುಗಿಸಲು ಹೋದವನು ನಿಲ್ಲಿಸಿದ. ಹುಬ್ಬು ಗಂಟಿಕ್ಕಿತು.

"ಡಡ್ಲಿಗೂ ನಾನು ಹೇಳಿರಲಿಲ್ಲ. ಏಳು ಗಂಟೆಗೆ ಚರ್ಚ್ ಹಾಲ್ ಬೂತಿನ ಬಾಗಿಲು ತೆಗೆದ ಕೂಡಲೇ ಹೋಗಿದ್ದು. ಹೊರಗೆ ನಿಮ್ಮವರೂ ಇರಲಿಲ್ಲ, ನಮ್ಮವರೂ ಇರಲಿಲ್ಲ. ಒಳಗಿದ್ದ ಗುಮಾಸ್ತರು ಯಾರ ಹತ್ರಾನೂ ಬಾಯಿ ಬಿಡೋ ಹಾಗಿಲ್ಲ." ಅವನು ಹೆಂಡತಿಯತ್ತ ಪೂರ್ತಿ ತಿರುಗಿದ. "ನಿಂಗೆ ಹೇಗೆ ಗೊತ್ತಾಯ್ತು?"

ಥೆಲ್ಮಾ ಕಿಟಕಿಯಾಚೆ ನೋಡಿದಳು. ನಿನ್ನೆ ಬೆಳಿಗ್ಗೆ ಏಳೂವರೆಗೆ ಅದೇ ಚರ್ಚ್ ಹಾಲ್‌ನಲ್ಲಿ ಗುಮಾಸ್ತೆ ಮತದಾರರ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆಯಲು ಸ್ಕೇಲ್ ಇಟ್ಟಾಗ, ಅದಕ್ಕೂ ಮೇಲಿನ ಸಾಲಿನಲ್ಲಿದ್ದ ಸಿರಿಲ್‌ನ ಹೆಸರಿಗೆ ಆಗಲೇ ಗೆರೆ ಬಿದ್ದಿತ್ತು.